ಬಾವಿಯ ನೀರು ಮತ್ತು ಫೆಲಿಕ್ಸ್ ದೆರೆಲ್

ಬನದ ಹುಣ್ಣಿಮೆ ಸಮೀಪಿಸಿತೆಂದರೆ ಯರಗಟ್ಟಿಯ ಕೂಡುರಸ್ತೆಗೆ ನಿದ್ರೆಯಿಲ್ಲ. ಗೋಕಾಕ, ಚಿಕ್ಕೋಡಿ, ಕೊಲ್ಲಾಪುರಗಳ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರಲ್ಲಿ ಬಹುಮಂದಿ ಇಲ್ಲಿಂದ ಮುನವಳ್ಳಿಯ ದಾರಿ ಹಿಡಿಯುತ್ತಾರೆ. ಈಗ ಬಸ್ಸು, ಟ್ರ್ಯಾಕ್ಟರು, ಅವುಗಳ ನಡುವೆ ಹಟ ಹಿಡಿದು ಸಾಗುವ ಚಕ್ಕಡಿಗಳು. ನಮ್ಮ ಅಜ್ಜಂದಿರ ಕಾಲಕ್ಕೆ ಚಕ್ಕಡಿ, ಇಲ್ಲವೆ ಕಾಲ್ನಡಿಗೆ. ದಾರಿಯಲ್ಲಿ ಸಿಕ್ಕ ಬಾವಿ, ಹಳ್ಳಗಳ ನೀರು ಕುಡಿದು, ಗುಡ್ಡವನ್ನು ಸೇರಿ ಜೋಗುಳಬಾವಿಯಲ್ಲಿ, ಎಣ್ಣೆಹೊಂಡದಲ್ಲಿ ಮಿಂದು, ಸಾವಿರ ಸಾವಿರ ಜನ ಒಂದೇ ನೀರನ್ನು ಹಂಚಿಕೊಂಡು ಮರಳುತ್ತಿದ್ದರು. ವಾಂತಿಭೇದಿಯ ರೋಗಾಣುವಿಗೆ ಇದಕ್ಕಿಂತ ಅನುಕೂಲವಾದ ವಾಹನ ಮತ್ತೊಂದಿರಲಿಲ್ಲ. ಜಾತ್ರೆಯಲ್ಲಿ ಒಬ್ಬನಿಗೆ ಹತ್ತಿದ ಬೇನೆ, ಜನ ಚದುರಿ ಹೋದ ದಾರಿಗಳಲ್ಲೇ ನಡೆದು ಊರೂರನ್ನು ಹೊಕ್ಕುತ್ತಿತ್ತು. ಇದು ಎಲ್ಲಮ್ಮನ ಗುಡ್ಡವೊಂದರ ಸಂಕಟವಲ್ಲ. ಪುರಿ, ಪಂಢರಪುರ, ಹರಿದ್ವಾರಗಳ ಸಂಕಟವೂ ಅದೇ ಆಗಿದ್ದಿತು.

ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ದಿನಗಳಲ್ಲಿ ಸರ್ಕಾರದ ಕೈಯಲ್ಲಿದ್ದ ಮುಖ್ಯ ಉಪಾಯಗಳು ಎರಡು. ಒಂದು, ಹಾಫ್‌ಕಿನ್ ಎಂಬ ವಿಜ್ಞಾನಿ 1893ರಲ್ಲಿ ಭಾರತಕ್ಕೆ ತಂದ ಚುಚ್ಚುಮದ್ದು. ಎರಡನೆಯದು, ಬಾವಿಗೆ ಪೊಟ್ಯಾಸಿಯಂ ಪರ್ಮಾಂಗನೇಟು ಬೆರೆಸುವುದು. ನೀರು ನೇರಿಳೆಗೆಂಪಾದುದನ್ನು ಕಂಡು ಕೊಡವನ್ನು ಹಾಗೆಯೇ ಹೊತ್ತು ಹಿಂದಿರುಗಿದ ಹೆಂಗಸರ ಸಂಶಯ ಅಕಾರಣವಾದದ್ದಲ್ಲ. ಕುಡಿಯುವ ನೀರಿನ ಬಣ್ಣ ಬದಲಾದರೆ ಯಾರ ಮನಸ್ಸು ತಾನೆ ಒಪ್ಪೀತು? ಅದಕ್ಕಿಂತ ಮುಖ್ಯವಾಗಿ, ಹಾಕಿದ ಔಷಧ ದಿನ ಕಳೆದಂತೆ ಸವೆದು ಹೋಗುತ್ತಿತ್ತು. ಮತ್ತೆ ಹಾಕಬೇಕು, ಮತ್ತೆ ಸಿಪಾಯಿಯನ್ನು ಕಳಿಸಬೇಕು.

ರೋಗಾಣುವನ್ನು ಕೊಲ್ಲುವ ವಿಷವನ್ನು ಬಾವಿಗೆ ಹಾಕುವ ಬದಲು ರೋಗಾಣುವನ್ನೇ ತಿಂದು ಬಾಳುವ, ತಿಂದಷ್ಟೂ ತಾನೇ ಹೆಚ್ಚುವ ಒಂದು ಜೀವವನ್ನು ಹಾಕಿದರೇನು? ಈ ವಿಚಾರವನ್ನು ಕಾರ್ಯಕ್ಕೆ ಇಳಿಸಲೆಂದು 1927ರಲ್ಲಿ ಪಂಜಾಬಿನ ಹಳ್ಳಿಗಳಲ್ಲಿ ತಿರುಗಿದವನು ಫೆಲಿಕ್ಸ್ ದೆರೆಲ್. ಬ್ಯಾಕ್ಟೀರಿಯೋಫೇಜ್, ಎಂದರೆ ಬ್ಯಾಕ್ಟೀರಿಯಾಭಕ್ಷಕ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟವನೂ ಆತನೇ. ಇಂದು ನಾವು ಅವುಗಳನ್ನು ಬ್ಯಾಕ್ಟೀರಿಯಾಗಳಿಗೆ ಹತ್ತುವ ವೈರಸ್ಸುಗಳೆಂದು ಬಲ್ಲೆವು. ಆತನ ಕಾಲದಲ್ಲಿ ಹಾಗೆನ್ನುವುದು ಜಗಳಕ್ಕೆ ಆಹ್ವಾನವಿತ್ತಂತೆ ಆಗುತ್ತಿತ್ತು. ದೆರೆಲನು ಜಗಳಕ್ಕೆ ಹಿಂಜರಿದವನೂ ಅಲ್ಲ.

ಆತನ ಹುಟ್ಟೂರೇ ಒಂದು ಒಗಟು. 1873ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ತಾನು ಹುಟ್ಟಿದೆನೆಂದು ಆತ ಹೇಳಿಕೊಂಡನು. ಬರೆದವರೆಲ್ಲ ಅದನ್ನೇ ನಂಬಿ ಬರೆದರು. ಬಹುಕಾಲದ ಮೇಲೆ ದಫ್ತರಗಳನ್ನು ಬಿಚ್ಚಿ ನೋಡಿದವರಿಗೆ ದೊರೆತ ಊರು ಪ್ಯಾರಿಸ್. ವಿಶ್ವವಿದ್ಯಾನಿಲಯದ ಕ್ರಮಬದ್ಧ ಶಿಕ್ಷಣವಾಗಲಿ ವೈದ್ಯ ಪದವಿಯಾಗಲಿ ಆತನಿಗೆ ಇರಲಿಲ್ಲ. ಪುಸ್ತಕ ಓದಿ, ಮನೆಯಲ್ಲೇ ಪ್ರಯೋಗ ಮಾಡಿ ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿತವನು. ಮಾಂಟ್ರಿಯಲ್ಲಿನಲ್ಲಿ ತಮ್ಮನೊಡನೆ ಚಾಕೊಲೇಟಿನ ಕಾರ್ಖಾನೆಯಲ್ಲಿ ಹಣ ತೊಡಗಿಸಿದನು, ಅದು ಮುಳುಗಿತು. ಮೇಪಲ್ ಮರದ ಸಿಹಿರಸದಿಂದ ಮದ್ಯ ತೆಗೆಯುವ ಬಗೆಯನ್ನು ಅಭ್ಯಾಸ ಮಾಡಿದನು. 1901ರಲ್ಲಿ ಹೆಂಡತಿ ಮಕ್ಕಳೊಡನೆ ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಹೋಗಿ ಅಲ್ಲಿನ ಆಸ್ಪತ್ರೆಯಲ್ಲಿ ಬ್ಯಾಕ್ಟೀರಿಯಾ ತಜ್ಞನಾದನು. ನಡುವೆ ಬಾಳೆಹಣ್ಣಿನಿಂದ ವಿಸ್ಕಿ ತಯಾರಿಸುವುದನ್ನೂ ಪರೀಕ್ಷಿಸಿದನು. ಅಲ್ಲಿಂದ ಮೆಕ್ಸಿಕೋ, ಅಲ್ಲಿ ಕತ್ತಾಳೆಯ ಸಾರದಿಂದ ಮದ್ಯ. ಇದನ್ನು ಓದಿ ನಗಬೇಕಾಗಿಲ್ಲ. ಪಾಸ್ತ್ಯೂರ್ ಮಹಾಶಯನೂ ರೋಗಗಳ ಲೋಕವನ್ನು ಹೊಕ್ಕದ್ದು ದ್ರಾಕ್ಷಾರಸದ ಪೀಪಾಯಿಯ ಮೂಲಕವೇ.

ಮೆಕ್ಸಿಕೋದ ಯುಕಾಟಾನಿನಲ್ಲಿ 1910ರ ಸುಮಾರಿಗೆ ಮಿಡತೆಯ ಹಾವಳಿ ಎದ್ದಿತು. ಅವುಗಳಲ್ಲಿ ಕೆಲವು ಭೇದಿಯಾಗಿ ಸಾಯುತ್ತಿದ್ದುದನ್ನು ದೆರೆಲನು ಕಂಡನು. ಆ ರೋಗಾಣುವನ್ನು ಬೇರ್ಪಡಿಸಿ, ಬೆಳೆಸಿ, ಪೈರಿನ ಮೇಲೆ ಸಿಂಪಡಿಸಿ, ಮಿಡತೆಗಳ ನಡುವೆ ಬೇಕೆಂದೇ ರೋಗ ಹರಡುವ ಉಪಾಯ ಹೂಡಿದನು. ಇದರಿಂದ ಹೆಸರು ಬಂದಿತು. ಅರ್ಜೆಂಟೀನಾ, ಟ್ಯುನೀಸಿಯಾಗಳಿಂದ ಕರೆ ಬಂದಿತು. ಪ್ಯಾರಿಸಿನ ಪಾಸ್ತ್ಯೂರ್ ಸಂಸ್ಥೆಯಲ್ಲಿ, ಸಂಬಳವಿಲ್ಲದೆ ಎನ್ನಿ, ಒಂದು ಮೇಜು ದೊರೆಯಿತು. ಸಂಬಳವಿಲ್ಲದ ಆ ಮೇಜಿನ ಮೇಲೆಯೇ ಆತನ ಜೀವನದ ದೊಡ್ಡ ಕೆಲಸ ನಡೆದದ್ದು.

1915ರ ಬೇಸಗೆ. ಮಹಾಯುದ್ಧ ನಡೆದಿತ್ತು. ಪ್ಯಾರಿಸಿನ ಬಳಿಯ ಮೆಜೋಂ ಲಾಫಿತ್ ಎಂಬಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಅಶ್ವದಳದಲ್ಲಿ ರಕ್ತಾತಿಸಾರ ತಲೆದೋರಿತು. ದೆರೆಲನು ರೋಗಿಗಳ ಮಲವನ್ನು ನೀರಿನಲ್ಲಿ ಕದಡಿ, ಬ್ಯಾಕ್ಟೀರಿಯಾಗಳನ್ನು ಕೂಡ ತಡೆಯುವ ಪಿಂಗಾಣಿಯ ಶೋಧಕದಲ್ಲಿ ಸೋಸಿ, ಸೋಸಿದ ತಿಳಿಯನ್ನು ಅತಿಸಾರದ ರೋಗಾಣುಗಳೊಡನೆ ಬೆರೆಸಿ ಇಡುತ್ತಿದ್ದನು. ದಿನ ದಿನವೂ ಇದೇ ಕೆಲಸ. ರೋಗಾಣು ಬೆಳೆದು ರಸ ಕದಡಿಯೇ ಇರುತ್ತಿತ್ತು. ಒಂದು ಬೆಳಗ್ಗೆ ಒಬ್ಬ ರೋಗಿಯ ತಿಳಿ ಬೆರೆಸಿದ ಕೊಳವೆ ಮಾತ್ರ ಸ್ಫಟಿಕದಂತೆ ತಿಳಿಯಾಗಿತ್ತು. ಹಿಂದಿನ ಸಂಜೆ ಅದರಲ್ಲಿದ್ದ ರೋಗಾಣುಗಳೆಲ್ಲ ಕರಗಿ ಹೋಗಿದ್ದವು. ಆತ ಆಸ್ಪತ್ರೆಗೆ ಹೋಗಿ ವಿಚಾರಿಸಿದನು. ಆ ರೋಗಿಯೂ ಅದೇ ರಾತ್ರಿಯಿಂದ ಚೇತರಿಸಿಕೊಳ್ಳತೊಡಗಿದ್ದನು. ಕೊಳವೆಯಲ್ಲಿ ನಡೆದದ್ದೇ ಕರುಳಿನಲ್ಲಿಯೂ ನಡೆದಿರಬೇಕೆಂದು ದೆರೆಲನಿಗೆ ಹೊಳೆದದ್ದು ಆಗ. ಮುಂದೆ ಆತ ಗಳಿಸಿದ ಕೀರ್ತಿಯೂ ಕಟ್ಟಿಕೊಂಡ ವೈರವೂ ಈ ಹೊಳಹಿನಿಂದಲೇ ಹೊರಟವು.

ಆ ತಿಳಿಯಲ್ಲಿದ್ದದ್ದು ವಿಷವೇ, ಜೀವವೇ? ಇದನ್ನು ತೀರ್ಮಾನಿಸಲು ಆತ ಬಳಸಿದ ರೀತಿ ನಮ್ಮ ರೈತನಿಗೂ ತಿಳಿಯುವಷ್ಟು ಸರಳವಾದದ್ದು. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಲೋಳೆಯ ಮೇಲೆ ರೋಗಾಣುಗಳನ್ನು ಬಿತ್ತಿದರೆ ಅವು ಬಿಳಿ ಪದರವಾಗಿ ಬೆಳೆಯುತ್ತವೆ. ಆ ತಿಳಿಯ ಒಂದು ತೊಟ್ಟು ಸೇರಿಸಿದರೆ, ಹುಲುಸಾದ ಜೋಳದ ಹೊಲದಲ್ಲಿ ಅಲ್ಲಲ್ಲಿ ದುಂಡಗೆ ಬೋಳಾದಂತೆ, ಪದರದಲ್ಲಿ ತಿಳಿಚುಕ್ಕೆಗಳು ಏಳುತ್ತವೆ. ತಿಳಿಗೆ ನೀರು ಬೆರೆಸಿ ಹತ್ತು ಪಾಲು ತೆಳುಮಾಡಿದರೆ ಚುಕ್ಕೆಗಳ ಸಂಖ್ಯೆ ಹತ್ತರಲ್ಲೊಂದಾಗುತ್ತದೆ. ಆದರೆ ಒಂದೊಂದು ಚುಕ್ಕೆಯೂ ಮೊದಲಿನಷ್ಟೇ ಅಗಲ. ಬೆಲ್ಲದ ನೀರಿಗೆ ನೀರು ಹೊಯ್ದರೆ ಸಿಹಿ ಎಲ್ಲ ಕಡೆಗೂ ಸಮನಾಗಿ ತಗ್ಗುತ್ತದೆ. ಬಿತ್ತನೆಯ ಕಾಳನ್ನು ಕಡಿಮೆ ಮಾಡಿದರೆ ಸಸಿಗಳ ಎಣಿಕೆ ತಗ್ಗುತ್ತದೆಯೇ ಹೊರತು ಎದ್ದ ಸಸಿ ತನ್ನ ಪೂರ್ಣ ಎತ್ತರಕ್ಕೇ ಬೆಳೆಯುತ್ತದೆ. ಹಾಗಾದರೆ ತಿಳಿಯಲ್ಲಿರುವುದು ಬೆಲ್ಲದಂತಹದಲ್ಲ, ಕಾಳಿನಂತಹದು: ಬಿಡಿಬಿಡಿಯಾದ, ಕಣ್ಣಿಗೆ ಕಾಣದ, ರೋಗಾಣುವಿನೊಳಗೇ ಮರಿಹಾಕುವ ಕಣ. 1917ರ ಸೆಪ್ಟೆಂಬರ್ 10ರಂದು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಈ ಲೇಖನ ಮಂಡಿತವಾಯಿತು. ಚುಕ್ಕೆ ಎಣಿಸುವ ಆ ವಿಧಾನವನ್ನು ಇಂದಿಗೂ ಪ್ರಯೋಗಶಾಲೆಗಳಲ್ಲಿ ಅನುಸರಿಸುತ್ತಾರೆ.

1919ರಲ್ಲಿ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಅತಿಸಾರದಿಂದ ನರಳುತ್ತಿದ್ದ ಹನ್ನೆರಡು ವರ್ಷದ ಬಾಲಕನಿಗೆ ಆತ ಫೇಜ್ ಕುಡಿಸಿದನು. ಅದಕ್ಕೆ ಮೊದಲು ತಾನೇ ಕುಡಿದು ನೋಡಿದ್ದನು. ಆಸ್ಪತ್ರೆಯ ವೈದ್ಯರಿಗೂ ಕುಡಿಸಿದ್ದನು. ಬಾಲಕ ಗುಣ ಹೊಂದಿದನು. ಅದೇ ವರ್ಷ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕೋಳಿಗಳ ಪಿಡುಗಿನ ಮೇಲೆ, ಮರುವರ್ಷ ಇಂಡೋಚೀನಾದಲ್ಲಿ ಎಮ್ಮೆಗಳ ಬೇನೆಯ ಮೇಲೆ ಪ್ರಯೋಗಗಳು ನಡೆದವು. 1921ರಲ್ಲಿ ಬೆಲ್ಜಿಯಂನ ಇಬ್ಬರು ವೈದ್ಯರು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದಾದ ಕುರುಗಳಿಗೆ ಫೇಜ್ ಚುಚ್ಚಿ ಗುಣಪಡಿಸಿದ ವರದಿಯನ್ನು ಅಚ್ಚು ಹಾಕಿಸಿದರು. ಈ ಕುರುವಿನ ರೋಗಾಣುವನ್ನು ವಾಚಕರು ನೆನಪಿನಲ್ಲಿಡಬೇಕು.

ಅಷ್ಟರಲ್ಲಿ ಬೆನ್ನಿಗೆ ಒಂದು ಪೆಟ್ಟು ಬಿದ್ದಿತು. ಫ್ರೆಡರಿಕ್ ಟ್ವಾರ್ಟ್ ಎಂಬ ಆಂಗ್ಲ ವಿಜ್ಞಾನಿ 1915ರಲ್ಲೇ, ದೆರೆಲನಿಗಿಂತ ಎರಡು ವರ್ಷ ಮೊದಲೇ, ಇಂತಹುದೇ ಸಂಗತಿಯನ್ನು ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದನು. ಕರುಗಳ ಮೈಮೇಲೆ ಬೆಳೆಸಿದ ಸಿಡುಬಿನ ಲಸಿಕೆಯನ್ನು ಟ್ವಾರ್ಟನು ಪರೀಕ್ಷಿಸುತ್ತಿದ್ದನು. ಬೆಳಗಾವಿಯ ವ್ಯಾಕ್ಸಿನ್ ಡಿಪೋ ಎಂಬ ಹೆಸರನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ; ಅಲ್ಲಿ ತಯಾರಾಗುತ್ತಿದ್ದುದೂ ಇದೇ ಸಿಡುಬಿನ ಲಸಿಕೆ. ಅಂತಹ ಲಸಿಕೆಯೊಳಗೆ ಸೇರಿಕೊಂಡು ಬೆಳೆಯುವ ಬ್ಯಾಕ್ಟೀರಿಯಾಗಳ ಗುಂಪುಗಳು ಕೆಲವೊಮ್ಮೆ ಗಾಜಿನಂತೆ ಪಾರದರ್ಶಕವಾಗಿ ಸಾಯುವುದನ್ನು ಟ್ವಾರ್ಟನು ಕಂಡು ಬರೆದಿದ್ದನು. ಯುದ್ಧ ಬಂದಿತು, ಹಣ ನಿಂತಿತು, ಕೆಲಸ ಮುಂದೆ ಸಾಗಲಿಲ್ಲ. ನೊಬೆಲ್ ಪಾರಿತೋಷಕ ಪಡೆದ ಬೆಲ್ಜಿಯಂನ ಬೋರ್ದೆ ಮತ್ತು ಆತನ ಸಹೋದ್ಯೋಗಿ ಗ್ರಾಸಿಯಾ ಈ ಮರೆತ ಲೇಖನವನ್ನು ಹೊರಗೆಳೆದು ದೆರೆಲನ ಮುಂದಿಟ್ಟರು. ಫೇಜ್ ಜೀವಿಯೇ ಅಲ್ಲ, ಬ್ಯಾಕ್ಟೀರಿಯಾ ತನ್ನೊಳಗೆ ತಾನೇ ಉತ್ಪಾದಿಸುವ ಒಂದು ಕರಗಿಸುವ ದ್ರವ್ಯ ಎಂಬುದು ಬೋರ್ದೆಯ ಪಕ್ಷ. ದೆರೆಲನು ಒಪ್ಪಲಿಲ್ಲ. ಟ್ವಾರ್ಟನು ಕಂಡದ್ದೇ ಬೇರೆ, ತಾನು ಕಂಡದ್ದೇ ಬೇರೆ ಎಂದು ವರ್ಷಗಟ್ಟಲೆ ವಾದಿಸಿದನು; ತನಗೆ ಆ ಚುಕ್ಕೆಗಳು ಮೊದಲು ಕಂಡದ್ದು ಮೆಕ್ಸಿಕೋದ ಮಿಡತೆಗಳ ಕಾಲದಲ್ಲೇ ಎಂದೂ ಹೇಳತೊಡಗಿದನು. ಈ ಕೊನೆಯ ಮಾತು ಆತನಿಗೆ ಭೂಷಣವಲ್ಲ. ಟ್ವಾರ್ಟನು ಕಂಡನು, ದೆರೆಲನು ಕಂಡು, ಎಣಿಸಿ, ಬಳಸಿದನು. ಇಬ್ಬರಿಗೂ ಸಾಕಾಗುವಷ್ಟು ಗೌರವ ಅಲ್ಲಿದ್ದಿತು. ಬೋರ್ದೆಯ ಪಕ್ಷವೂ ಪೂರ್ತಿ ಸುಳ್ಳಾಗಲಿಲ್ಲ. ಕೆಲವು ಫೇಜ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ವಂಶದೊಳಗೇ ತಲೆತಲಾಂತರ ಅಡಗಿ ಕುಳಿತಿರುತ್ತವೆಂಬುದು 1950ರಲ್ಲಿ ಪ್ಯಾರಿಸಿನ ಲ್ವೋಫನ ಕೆಲಸದಿಂದ ಸ್ಪಷ್ಟವಾಯಿತು.

1925ರಲ್ಲಿ ದೆರೆಲನು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಆರೋಗ್ಯಾಧಿಕಾರಿಯಾಗಿದ್ದನು. ಸೂಯೆಜ್ ಕಾಲುವೆಯ ಹಡಗೊಂದರಲ್ಲಿ ನಾಲ್ವರಿಗೆ ಪ್ಲೇಗು. ಅವರ ಗಡ್ಡೆಗಳಿಗೇ ಫೇಜ್ ಚುಚ್ಚಿದನು, ನಾಲ್ವರೂ ಬದುಕಿದರು. 1898ರ ಹುಬ್ಬಳ್ಳಿಯ ಪ್ಲೇಗನ್ನು ಹಿರಿಯರ ಬಾಯಿಂದ ಕೇಳಿದ ನಮಗೆ ಈ ಸುದ್ದಿಯ ತೂಕ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಬ್ರಿಟಿಷ್ ಸರ್ಕಾರಕ್ಕೂ ಅದು ತಿಳಿಯಿತು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ದೆರೆಲನಿಗೆ ಆಹ್ವಾನ ಬಂದಿತು. ಆದರೆ ಅಲೆಕ್ಸಾಂಡ್ರಿಯಾದಲ್ಲಿ ಫಲಿಸಿದ ಪ್ಲೇಗಿನ ಮದ್ದು ಭಾರತದಲ್ಲಿ ಫಲಿಸಲಿಲ್ಲ. ಆತನ ಗಮನ ವಾಂತಿಭೇದಿಯ ಕಡೆಗೆ ತಿರುಗಿತು.

ಈ ನೆಲದಲ್ಲಿ ಆತನಿಗಿಂತ ಮೊದಲೇ ಒಂದು ಸೂಚನೆ ಬಿದ್ದಿತ್ತು. ಆಗ್ರಾದಲ್ಲಿದ್ದ ಸರ್ಕಾರಿ ರಸಾಯನ ಪರೀಕ್ಷಕ ಹ್ಯಾಂಕಿನ್ 1896ರಲ್ಲಿ ಗಂಗೆ ಯಮುನೆಗಳ ನೀರು ವಾಂತಿಭೇದಿಯ ರೋಗಾಣುವನ್ನು ಕೊಲ್ಲುತ್ತದೆಂದೂ, ಕುದಿಸಿದರೆ ಆ ಶಕ್ತಿ ಹೋಗುತ್ತದೆಂದೂ ಬರೆದಿದ್ದನು. ಬಾವಿಗೆ ಪರ್ಮಾಂಗನೇಟು ಬೆರೆಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದವನೂ ಇದೇ ಹ್ಯಾಂಕಿನ್ ಎಂಬುದು ಒಂದು ತಮಾಷೆ. ನದಿಯ ನೀರಿನಲ್ಲಿದ್ದದ್ದು ಫೇಜ್ ಎಂದೇ ಅನೇಕರು ಆಮೇಲೆ ಹೇಳಿದರು. ಹ್ಯಾಂಕಿನನು ಮಾತ್ರ ಹಾಗೆ ಹೇಳಿದವನಲ್ಲ.

ದೆರೆಲನು ಮೇಜರ್ ಮೆಲೋನ್ ಮತ್ತು ಡಾಕ್ಟರ್ ಲಾಹಿರಿ ಎಂಬವರೊಡನೆ ಕಲ್ಕತ್ತೆಯ ಕ್ಯಾಂಬೆಲ್ ಆಸ್ಪತ್ರೆಯಲ್ಲೂ ಪಂಜಾಬಿನ ಹಳ್ಳಿಗಳಲ್ಲೂ ಕೆಲಸ ಮಾಡಿದನು. ಬೇನೆ ಹೊಕ್ಕ ಹಳ್ಳಿಯಲ್ಲಿ ರೋಗಿಗಳಿಗೆ ಫೇಜ್ ಬೆರೆಸಿದ ನೀರು ಕುಡಿಸುವುದು; ಬಾವಿಗಳಿಗೂ ಅದನ್ನೇ ಸುರಿಯುವುದು. ನೀರಿನ ಬಣ್ಣ ಬದಲಾಗುವುದಿಲ್ಲ, ರುಚಿ ಕೆಡುವುದಿಲ್ಲ. ಫೇಜ್ ಪಡೆದ ರೋಗಿಗಳಲ್ಲಿ ಸತ್ತವರು ನೂರಕ್ಕೆ ಹತ್ತರೊಳಗೆ. ಪಡೆಯದವರಲ್ಲಿ ನೂರಕ್ಕೆ ಅರವತ್ತರ ಮೇಲೆ. ಬಾವಿಗಳಿಗೆ ಮದ್ದು ಸುರಿದ ಹಳ್ಳಿಗಳಲ್ಲಿ ಎರಡು ಮೂರು ದಿನಗಳಲ್ಲೇ ಬೇನೆ ನಿಂತಿತೆಂದು ಆತನ ವರದಿ ಹೇಳಿತು.

ಇಷ್ಟು ಒಳ್ಳೆಯ ಅಂಕಿಗಳು ಸಾಲದೇ ಎಂದು ಕೇಳಬಹುದು. ಸಾಲವು. ವಾಂತಿಭೇದಿ ಬಂದ ಹಾಗೆಯೇ ತಾನೇ ಹೋಗುವ ಬೇನೆ. ಉಪಚಾರ ಒಲ್ಲೆನೆಂದವರೂ ಒಪ್ಪಿದವರೂ ಒಂದೇ ಸ್ಥಿತಿಯಲ್ಲಿದ್ದ ರೋಗಿಗಳೇ? ಮದ್ದು ಸುರಿಯುವ ಹೊತ್ತಿಗೆ ಬೇನೆ ಇಳಿಯುವ ಹಾದಿಯಲ್ಲಿತ್ತೇ? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ತಾಳ್ಮೆ ದೆರೆಲನಿಗೆ ಇರಲಿಲ್ಲ. ಆತ ಹೊರಟು ಹೋದ ಮೇಲೆ ಸರ್ಕಾರ ಆ ತಾಳ್ಮೆ ತೋರಿತು. ಪಟ್ನಾದಲ್ಲಿ ಆಶೆಶೋವ್ ಸಂಶೋಧನೆಗೆ ಕುಳಿತನು. ಯಾತ್ರಾಸ್ಥಳವಾದ ಪುರಿಯಲ್ಲೂ ಪರೀಕ್ಷೆಗಳು ನಡೆದವು. ಅಸ್ಸಾಮಿನಲ್ಲಿ ಮಾರಿಸನ್ ಎಂಬ ಅಧಿಕಾರಿ ನೌಗಾಂವ್ ಪ್ರದೇಶದ ಹಳ್ಳಿಗಳಿಗೆ ಫೇಜ್ ಹಂಚಿ, ಹಬೀಬಗಂಜವನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟನು. ನೌಗಾಂವಿನಲ್ಲಿ ಸಾವು ತಗ್ಗಿತು, ಹಬೀಬಗಂಜದಲ್ಲಿ ತಗ್ಗಲಿಲ್ಲ. ಹೋಲಿಕೆಗೆಂದು ಜನರನ್ನು ಬೇನೆಯ ಬಾಯಿಗೆ ಬಿಡುವುದು ಸರಿಯೇ ಎಂದು ಮನಸ್ಸು ಕಲಕುತ್ತದೆ. ಬಿಡದಿದ್ದರೆ ಮದ್ದಿನ ಬೆಲೆ ತಿಳಿಯುವ ದಾರಿ ಯಾವುದೆಂದೂ ಅದೇ ಮನಸ್ಸು ಕೇಳುತ್ತದೆ. 1936ರ ಹೊತ್ತಿಗೆ ಆ ವಿಚಾರಣೆ ಮುಗಿಯಿತು. ಫೇಜ್ ಸುಳ್ಳೆಂದು ಸಾಧಿತವಾಗಲಿಲ್ಲ; ನಿಜವೆಂದೂ ಎಲ್ಲರೂ ಒಪ್ಪುವಂತೆ ಸಾಧಿತವಾಗಲಿಲ್ಲ. ನಮ್ಮ ಜಾತ್ರೆಗಳ ಬಾವಿಗಳನ್ನು ಕೊನೆಗೂ ಹಸನು ಮಾಡಿದ್ದು ಬ್ಲೀಚಿಂಗ್ ಪೌಡರು, ನಳದ ನೀರು.

ದೆರೆಲನ ಬದುಕಿನ ಉಳಿದ ಭಾಗವನ್ನು ಬೇಗ ಹೇಳಿ ಮುಗಿಸಬಹುದು. 1928ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯ ಪದವಿಯಿಲ್ಲದ ಈ ಮನುಷ್ಯನನ್ನು ಪ್ರಾಧ್ಯಾಪಕನನ್ನಾಗಿ ಕರೆಸಿಕೊಂಡಿತು. ಆಡಳಿತದೊಡನೆ ಮನಸ್ತಾಪ ಬೆಳೆದು 1933ರಲ್ಲಿ ಹೊರಬಿದ್ದನು. ಅಲ್ಲಿಂದ ಸೋವಿಯತ್ ಜಾರ್ಜಿಯಾದ ತಿಬಿಲಿಸಿಗೆ. ಹಳೆಯ ಗೆಳೆಯ ಗಿಯೋರ್ಗಿ ಎಲಿಯಾವಾ ಅಲ್ಲಿ 1923ರಲ್ಲಿ ಸಂಸ್ಥೆಯೊಂದನ್ನು ಕಟ್ಟಿದ್ದನು; ದೆರೆಲನು ವಾಸಿಸಲೆಂದು ಅದರ ಆವರಣದಲ್ಲಿ ಒಂದು ಮನೆಯೂ ಎದ್ದಿತು. ದೆರೆಲನು ತನ್ನ ಪುಸ್ತಕವೊಂದನ್ನು ಸ್ಟಾಲಿನನಿಗೆ ಅರ್ಪಿಸಿದನು, ಎಲಿಯಾವಾ ಅದನ್ನು ಅನುವಾದಿಸಿದನು. 1937ರಲ್ಲಿ ಅದೇ ಸ್ಟಾಲಿನನ ಆಳ್ವಿಕೆ ಎಲಿಯಾವಾನನ್ನು ಗುಂಡಿಟ್ಟು ಕೊಂದಿತು. ಆ ಹೊತ್ತಿಗೆ ಪ್ಯಾರಿಸಿನಲ್ಲಿದ್ದ ದೆರೆಲನು ಮತ್ತೆ ಆ ಕಡೆ ತಿರುಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ವಿಶಿಯಲ್ಲಿ ಗೃಹಬಂಧನದಲ್ಲಿ ಕುಳಿತು ಆತ್ಮಕಥೆ ಬರೆದನು. ಫೇಜಿನ ಆಕಾರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿಕೊಂಡದ್ದು 1940ರ ಸುಮಾರಿಗೆ, ಜರ್ಮನಿಯಲ್ಲಿ. ಅಷ್ಟು ಹೊತ್ತಿಗೆ ಪೆನಿಸಿಲಿನ್ ಬರುತ್ತಿತ್ತು. ಒಂದೊಂದು ರೋಗಾಣುವಿಗೂ ಬೇರೆ ಬೇರೆ ಫೇಜ್ ಹುಡುಕುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ನೊಬೆಲ್ ಪಾರಿತೋಷಕಕ್ಕೆ ಆತನ ಹೆಸರು ಅನೇಕ ಸಲ ಹೋಯಿತು, ಬಂದಿತು. 1949ರ ಫೆಬ್ರವರಿ 22ರಂದು ದೆರೆಲನು ಪ್ಯಾರಿಸಿನಲ್ಲಿ ತೀರಿಕೊಂಡನು. ಆತನನ್ನು ಮಣ್ಣು ಮಾಡಿದ್ದು ಸೇಂಟ್ ಮಾರ್ ಆನ್ ಓತ್ ಎಂಬ ಹಳ್ಳಿಯಲ್ಲಿ.

ಆತನ ತಪ್ಪುಗಳು ಸಣ್ಣವಲ್ಲ. ರೋಗದಿಂದ ಮನುಷ್ಯ ಚೇತರಿಸಿಕೊಳ್ಳುವುದೆಲ್ಲ ಫೇಜಿನ ಮಹಿಮೆಯೇ ಎಂದು ಸಾಧಿಸಹೊರಟು, ರಕ್ತದ ಸ್ವಂತ ಕಾವಲು ಪಡೆಯನ್ನು ಕಡೆಗಣಿಸಿದನು. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದು: ಲೋಕದಲ್ಲಿ ಇರುವ ಫೇಜ್ ಒಂದೇ, ಅದೇ ಹೊಂದಿಕೊಂಡು ಹೊಂದಿಕೊಂಡು ಬೇರೆ ಬೇರೆ ರೋಗಾಣುಗಳನ್ನು ತಿನ್ನಲು ಕಲಿಯುತ್ತದೆ ಎಂದು ನಂಬಿದ್ದನು. ಪ್ರೋಟೋಬಯಾಸ್ ಬ್ಯಾಕ್ಟೀರಿಯೋಫೇಗಸ್ ಎಂದು ಅದಕ್ಕೆ ಒಂದೇ ಹೆಸರಿಟ್ಟಿದ್ದನು. ಇಂದು ಫೇಜ್‌ಗಳಲ್ಲಿ ಪ್ರಭೇದಗಳು ಸಾವಿರಗಟ್ಟಲೆ. ಪ್ರಭೇದಗಳು ಕೂಡಿ ಜಾತಿಗಳು, ಜಾತಿಗಳು ಕೂಡಿ ಕುಟುಂಬಗಳು. ವಾಂತಿಭೇದಿಯ ರೋಗಾಣುವನ್ನು ತಿನ್ನುವುದು ಕುರುವಿನ ರೋಗಾಣುವಿನ ತಂಟೆಗೆ ಹೋಗದು. ಔಷಧವಾಗಿ ಫೇಜಿಗೆ ಇದೇ ಗುಣ, ಇದೇ ತೊಡಕು.

ತಿಬಿಲಿಸಿಯ ಸಂಸ್ಥೆ ಅಷ್ಟೆಲ್ಲ ಕಂಡರೂ ಮುಚ್ಚಲಿಲ್ಲ. ಎಲಿಯಾವಾನ ಹೆಸರಿನಲ್ಲಿ ಇಂದಿಗೂ ಫೇಜ್ ಉಪಚಾರ ನಡೆಸುತ್ತಿದೆ. ಪೆನಿಸಿಲಿನ್ನಿಗೂ ಅದರ ನೆಂಟರಿಗೂ ಜಗ್ಗದ ರೋಗಾಣುಗಳು ಆಸ್ಪತ್ರೆಗಳಲ್ಲಿ ಹೆಚ್ಚಿದಂತೆ ಬೇರೆ ದೇಶದ ವೈದ್ಯರೂ ದೆರೆಲನ ಹಳೆಯ ವರದಿಗಳ ಧೂಳು ಕೊಡವತೊಡಗಿದ್ದಾರೆ. ಹಾಗೆ ಜಗ್ಗದವುಗಳಲ್ಲಿ ಕುರುವಿನ ಸ್ಟ್ಯಾಫಿಲೊಕಾಕಸ್ ಒಂದು. ಫೇಜ್ ಪತ್ತೆಯಾಗಿ ನೂರು ವರ್ಷ ತುಂಬಿದ ನೆನಪಿಗೆ ವರ್ಗೀಕರಣಕಾರರು ಅವುಗಳದೊಂದು ಹೊಸ ಕುಟುಂಬಕ್ಕೆ ಹೆರೆಲ್ಲೆವಿರಿಡೇ ಎಂದು ದೆರೆಲನ ಹೆಸರನ್ನಿಟ್ಟರು. 2019ರ ಹೊತ್ತಿಗೆ ಅದು ಅಧಿಕೃತವಾಯಿತು. ಆ ಕುಟುಂಬದೊಳಗೆ ಸ್ಟ್ಯಾಫಿಲೊಕಾಕಸ್ಸನ್ನು ತಿಂದು ಬದುಕುವ ಜಾತಿಯೊಂದಿದೆ. ಅದರ ಹೆಸರು ಟ್ವಾರ್ಟ್‌ವೈರಸ್. ಬದುಕಿದ್ದಾಗ ಒಂದೇ ಸಾಲಿನಲ್ಲಿ ಟ್ವಾರ್ಟನ ಹೆಸರು ಬರುವುದನ್ನು ದೆರೆಲನು ಸಹಿಸುತ್ತಿರಲಿಲ್ಲ. ಈಗ ಆ ಹೆಸರನ್ನು ಪಟ್ಟಿಯಲ್ಲಿ ಹುಡುಕುವವರು ದೆರೆಲನ ಮನೆತನದೊಳಗೇ ಹುಡುಕಬೇಕು.